‘ಕಂಡಿಲ್ಲ’ ಎಂದರೆ ‘ಇಲ್ಲ’ ಎಂದಲ್ಲ: ಎಣ್ಮಕಜೆಯ ವರದಿಗಳನ್ನು ಓದಲು ಬೇಕಾದ ಲೆಕ್ಕ

ಗಡಿನಾಡಿನ ಕನ್ನಡದ ಬಗ್ಗೆ ನಡೆಯುತ್ತಿರುವ ಈ ಆನ್‌ಲೈನ್ ಮಾಲಿಕೆಯಲ್ಲಿ ಹಿಂದೆ ಮಾತಾಡಿದವರು ಶಾಲೆ, ಯಕ್ಷಗಾನ, ಸ್ಥಳನಾಮಗಳ ವಿಷಯ ಹೇಳಿದ್ದಾರೆ. ನಾನು ಆರಿಸಿಕೊಂಡದ್ದು ಸ್ವಲ್ಪ ಬೇರೆಯದು. ಒಂದು ರಕ್ತದ ಮಾದರಿಯಲ್ಲೋ ಬಾವಿ ನೀರಿನಲ್ಲೋ ಯಾವ ರಾಸಾಯನಿಕ ಉಂಟು ಎಂದು ಗ್ಯಾಸ್ ಕ್ರೊಮ್ಯಾಟೊಗ್ರಫಿ ಯಂತ್ರದ ಅಂಕಿಗಳಿಂದ ಕಂಪ್ಯೂಟರ್ ಹೇಗೆ ಗುರುತಿಸುತ್ತದೆ ಎನ್ನುವುದು ಇವತ್ತಿನ ವಿಷಯ.

ಕನ್ನಡ ಎಂ.ಎ. ವಿದ್ಯಾರ್ಥಿಗೆ ಇದು ಎಂತಕ್ಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣ ಹೇಳ್ತೇನೆ. ಕಾಸರಗೋಡಿನ ಎಂಡೋಸಲ್ಫಾನ್ ದುರಂತದ ಬಗೆಗಿನ ಬರಹಗಳನ್ನು ನಾನು ಲಘು ಪ್ರಬಂಧಕ್ಕಾಗಿ ಓದುತ್ತಿದ್ದೇನೆ. 1970ರ ದಶಕದ ಉತ್ತರಾರ್ಧದಿಂದ 2000ದ ಕೊನೆಯವರೆಗೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಈ ಕೀಟನಾಶಕ ಸಿಂಪಡಿಸಿದರು. ಗೇರಿನ ಚಿಗುರು ಹೀರುವ ಟೀ ಸೊಳ್ಳೆಯನ್ನು ಕೊಲ್ಲಲಿಕ್ಕೆ. ಗುಡ್ಡದ ಮೇಲೆ ತೋಟ, ಕೆಳಗೆ ಮನೆ, ಬಾವಿ, ತೋಡು, ಸುರಂಗ. ಹುಟ್ಟುವಾಗಲೇ ಕಾಲು ಸೊಟ್ಟಗಿದ್ದ ಕರುಗಳ ಬಗ್ಗೆ ಶ್ರೀ ಪಡ್ರೆಯವರು 1980ರ ಆಸುಪಾಸಿನಲ್ಲೇ ಬರೆದರು. ಆಮೇಲೆ ವಾಣೀನಗರದ ವೈದ್ಯರಾದ ಡಾ. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಕಾಯಿಲೆಗಳಲ್ಲಿ ಏನೋ ಅಸಹಜ ಉಂಟು ಎಂದು ಗಮನಿಸಿದರು. 2009ರಲ್ಲಿ ಅಂಬಿಕಾಸುತನ್ ಮಾಙ್ಙಾಡ್ ಅವರ ‘ಎಣ್ಮಕಜೆ’ ಕಾದಂಬರಿ ಮಲಯಾಳದಲ್ಲಿ ಬಂತು. ಈ ಊರುಗಳ ಜನ ಮನೆಯಲ್ಲಿ ಮಾತಾಡುವುದು ತುಳು, ಕನ್ನಡ, ಹವ್ಯಕ, ಮರಾಟಿ. ಅವರ ರಕ್ತದ ಬಗೆಗಿನ ವರದಿ ಇರುವುದು ಇಂಗ್ಲಿಷಿನಲ್ಲಿ, ಸರಕಾರದ ಕಾಗದ ಬರುವುದು ಮಲಯಾಳದಲ್ಲಿ.

ಆ ವರದಿಗಳ ಕೋಷ್ಟಕದಲ್ಲಿ ಎರಡಕ್ಷರದ ಒಂದು ಗುರುತು ಪುನಃ ಪುನಃ ಬರುತ್ತದೆ: ‘ಎನ್‌ಡಿ’. ಬಿಡಿಸಿ ಹೇಳಿದರೆ ‘ನಾಟ್ ಡಿಟೆಕ್ಟೆಡ್’. ಇದನ್ನು ಕನ್ನಡಕ್ಕೆ ತರುವಾಗ ‘ಇಲ್ಲ’ ಎನ್ನಬೇಕಾ, ‘ಕಂಡಿಲ್ಲ’ ಎನ್ನಬೇಕಾ? ನೋಡಲಿಕ್ಕೆ ಸಣ್ಣ ಅನುವಾದದ ಪ್ರಶ್ನೆ. ಆದರೆ ಯಂತ್ರದ ಒಳಗೆ ಏನಾಗುತ್ತದೆ ಎಂದು ಗೊತ್ತಿಲ್ಲದೆ ಇದಕ್ಕೆ ಉತ್ತರ ಕೊಡಲು ಆಗುವುದಿಲ್ಲ. ಆದ್ದರಿಂದ ಒಂದೊಂದೇ ಹಂತವಾಗಿ ನೋಡುವ.

1. ಯಂತ್ರ ಕೊಡುವುದು ಹೆಸರಲ್ಲ, ಒಂದು ಗೆರೆ

ಗ್ಯಾಸ್ ಕ್ರೊಮ್ಯಾಟೊಗ್ರಫಿಯನ್ನು ಎ.ಟಿ. ಜೇಮ್ಸ್ ಮತ್ತು ಆರ್ಚರ್ ಮಾರ್ಟಿನ್ 1952ರಲ್ಲಿ ಬಳಕೆಗೆ ತಂದರು. ತತ್ತ್ವ ಸರಳ. ಮಾದರಿಯಿಂದ ಬೇರ್ಪಡಿಸಿದ ದ್ರಾವಣದ ಒಂದು ಹನಿಗಿಂತಲೂ ಕಡಿಮೆ ಅಂಶವನ್ನು ಬಿಸಿಯಾದ ಬಾಯಿಯಲ್ಲಿ ಹಾಕಿದರೆ ಅದು ಆವಿಯಾಗುತ್ತದೆ. ಹೀಲಿಯಂನಂಥ ಒಂದು ಅನಿಲ ಆ ಆವಿಯನ್ನು ಉದ್ದದ ಸಪೂರ ಕೊಳವೆಯೊಳಗೆ ತಳ್ಳುತ್ತದೆ. ಸಾಮಾನ್ಯವಾಗಿ ಬಳಸುವ ಕೊಳವೆ 30 ಮೀಟರ್ ಉದ್ದ, ಒಳ ವ್ಯಾಸ ಕಾಲು ಮಿಲಿಮೀಟರ್. ಕೊಳವೆಯ ಒಳಮೈಗೆ ತೆಳುವಾದ ಒಂದು ಲೇಪ ಉಂಟು. ಆ ಲೇಪಕ್ಕೆ ಹೆಚ್ಚು ಅಂಟುವ ವಸ್ತು ತಡವಾಗಿ ಹೊರಬರುತ್ತದೆ, ಕಡಿಮೆ ಅಂಟುವುದು ಬೇಗ ಬರುತ್ತದೆ. ಹಾಗೆ ಮಿಶ್ರಣ ಬೇರೆಬೇರೆಯಾಗುತ್ತದೆ.

ಕೊನೆಯಲ್ಲಿ ಒಂದು ಸಂವೇದಕ ಕೂತು, ಏನಾದರೂ ಹೊರಬಂದಾಗ ಸಂಕೇತ ಕೊಡುತ್ತದೆ. ಅಡ್ಡಕ್ಕೆ ಸಮಯ, ಮೇಲಕ್ಕೆ ಸಂಕೇತದ ಬಲ ಹಾಕಿ ಗೆರೆ ಎಳೆದರೆ ಗುಡ್ಡಸಾಲಿನ ಹಾಗೆ ಕಾಣುತ್ತದೆ. ಇದೇ ಕ್ರೊಮ್ಯಾಟೊಗ್ರಾಂ. ಪ್ರತಿ ಶಿಖರವೂ ಒಂದು ವಸ್ತು ಇರಬಹುದು. ಎರಡು ವಸ್ತುಗಳು ಒಟ್ಟಿಗೆ ಬಂದದ್ದೂ ಇರಬಹುದು. ಯಾವುದಕ್ಕೂ ಹೆಸರು ಬರೆದಿರುವುದಿಲ್ಲ. ಹೆಸರು ಕೊಡುವುದು ಆಮೇಲಿನ ಲೆಕ್ಕ.

2. ಶಿಖರ ಯಾವುದು, ಗದ್ದಲ ಯಾವುದು

ಮೊದಲ ಲೆಕ್ಕ ಶಿಖರವನ್ನು ಹುಡುಕುವುದು. ಗೆರೆ ಯಾವತ್ತೂ ನುಣುಪಾಗಿರುವುದಿಲ್ಲ, ಸಣ್ಣಗೆ ನಡುಗುತ್ತಲೇ ಇರುತ್ತದೆ. ಬಿಸಿ ಏರಿದಂತೆ ಕೊಳವೆಯ ಲೇಪವೇ ಸ್ವಲ್ಪ ಸ್ವಲ್ಪ ಸೋರಿ ತಳರೇಖೆ ಮೇಲಕ್ಕೆ ಹೋಗುತ್ತದೆ. ಕಂಪ್ಯೂಟರ್ ಮೊದಲು ಈ ತಳರೇಖೆಯನ್ನು ಅಂದಾಜು ಮಾಡಿ ಕಳೆಯುತ್ತದೆ. ಆಮೇಲೆ ನಡುಕವನ್ನು ನಯಗೊಳಿಸುತ್ತದೆ. ಇದಕ್ಕೆ ಸವಿಟ್ಸ್‌ಕಿ ಮತ್ತು ಗೋಲೆ 1964ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ: ಅಕ್ಕಪಕ್ಕದ ಕೆಲವು ಬಿಂದುಗಳನ್ನು ತೆಗೆದುಕೊಂಡು, ಅವುಗಳಿಗೆ ಹೊಂದುವ ಒಂದು ವಕ್ರರೇಖೆ ಹಾಕಿ, ನಡುವಿನ ಬಿಂದುವನ್ನು ಆ ವಕ್ರರೇಖೆಯ ಮೇಲೆ ಕೂರಿಸುವುದು. ಬರಿಯ ಸರಾಸರಿ ತೆಗೆದರೆ ಶಿಖರದ ತಲೆ ಕತ್ತರಿಸಿ ಹೋಗುತ್ತದೆ. ಈ ವಿಧಾನದಲ್ಲಿ ತಲೆ ಹೆಚ್ಚುಕಡಿಮೆ ಉಳಿಯುತ್ತದೆ.

ಆಟಿ ತಿಂಗಳ ಮಳೆ ಹಂಚಿನ ಮಾಡಿನ ಮೇಲೆ ಬೀಳುವಾಗ ಅಂಗಳದಿಂದ ಯಾರೋ ಕರೆದರೆ ಕೇಳುತ್ತದಾ? ಕೂಗು ಮಳೆಯ ಸದ್ದಿಗಿಂತ ಎಷ್ಟು ಜೋರಾಗಿದೆ ಎನ್ನುವುದರ ಮೇಲೆ ಹೋಗುತ್ತದೆ. ಯಂತ್ರದಲ್ಲೂ ಹಾಗೇ. ಶಿಖರದ ಎತ್ತರ ಗದ್ದಲದ ಕನಿಷ್ಠ 3 ಪಟ್ಟು ಇದ್ದರೆ ‘ಪತ್ತೆಯಾಗಿದೆ’ ಎಂದು, 10 ಪಟ್ಟು ಇದ್ದರೆ ‘ಪ್ರಮಾಣ ಹೇಳಬಹುದು’ ಎಂದು ಒಪ್ಪಿಕೊಳ್ಳುವುದು ವಾಡಿಕೆ. ಈ ಮಿತಿ ಎಲ್ಲ ಪ್ರಯೋಗಶಾಲೆಗಳಲ್ಲೂ ಒಂದೇ ಅಲ್ಲ. ಮಾದರಿಯನ್ನು ಹೇಗೆ ಶುದ್ಧ ಮಾಡಿದರು, ಎಷ್ಟು ರಕ್ತ ತೆಗೆದುಕೊಂಡರು, ಯಾವ ಸಂವೇದಕ, ಕೊಳವೆ ಎಷ್ಟು ಹಳೆಯದು, ಇವೆಲ್ಲದರ ಮೇಲೆ ಅದು ಬದಲಾಗುತ್ತದೆ. ನಮ್ಮ ‘ಎನ್‌ಡಿ’ ಹುಟ್ಟುವುದು ಇಲ್ಲಿ. ಮಳೆ ಜೋರಿದ್ದಾಗ ಕೂಗು ಕೇಳಲಿಲ್ಲ ಎಂದರೆ ಅಂಗಳದಲ್ಲಿ ಯಾರೂ ಇರಲಿಲ್ಲ ಎಂದು ಅರ್ಥ ಅಲ್ಲ.

3. ಸಮಯದ ಮೈಲುಗಲ್ಲು

ಎರಡನೆಯ ಲೆಕ್ಕ ಸಮಯದ್ದು. ಶುದ್ಧ ಎಂಡೋಸಲ್ಫಾನ್ ಹಾಕಿದಾಗ ಶಿಖರ ಎಷ್ಟು ನಿಮಿಷಕ್ಕೆ ಬಂತೋ, ಮಾದರಿಯಲ್ಲೂ ಅಷ್ಟೇ ನಿಮಿಷಕ್ಕೆ ಬಂದರೆ ಅದೇ ವಸ್ತು ಎಂದು ಊಹಿಸಬಹುದು. ಆದರೆ ಕೊಳವೆ ಬದಲಾದರೆ, ಅದರ ತುದಿ ಸ್ವಲ್ಪ ಕತ್ತರಿಸಿದರೆ, ಅನಿಲದ ಒತ್ತಡ ಬದಲಾದರೆ ನಿಮಿಷವೂ ಬದಲಾಗುತ್ತದೆ. ಒಂದು ಪ್ರಯೋಗಶಾಲೆಯ ನಿಮಿಷವನ್ನು ಇನ್ನೊಂದಕ್ಕೆ ಕೊಂಡುಹೋಗಲು ಬರುವುದಿಲ್ಲ.

ಇದಕ್ಕೆ ಪರಿಹಾರ ಕೊಟ್ಟವರು ಎರ್ವಿನ್ ಕೊವಾಟ್ಸ್, 1958ರಲ್ಲಿ. ನಮ್ಮ ರಸ್ತೆಯ ಉದಾಹರಣೆಯಲ್ಲಿ ಹೇಳುವುದಾದರೆ, ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ಬಸ್ಸು ಒಂದು ದಿನ ಬೇಗ, ಒಂದು ದಿನ ತಡ. ಆದರೆ ಬಂದ್ಯೋಡು ಯಾವತ್ತೂ ಕುಂಬಳೆ ದಾಟಿದ ಮೇಲೆ, ಉಪ್ಪಳ ಮುಟ್ಟುವ ಮೊದಲು. ಗಡಿಯಾರ ನೋಡದೆ ಊರುಗಳನ್ನು ನೋಡಿದರೆ ಸ್ಥಾನ ತಪ್ಪುವುದಿಲ್ಲ. ಕೊವಾಟ್ಸ್ ಊರುಗಳ ಬದಲಿಗೆ ಆಲ್ಕೇನ್‌ಗಳನ್ನು ಇಟ್ಟರು. ಇವು ಇಂಗಾಲದ ನೇರ ಸರಪಳಿಗಳು. ಹತ್ತು ಇಂಗಾಲದ್ದಕ್ಕೆ 1000, ಹನ್ನೊಂದರದ್ದಕ್ಕೆ 1100, ಹನ್ನೆರಡರದ್ದಕ್ಕೆ 1200 ಎಂದು ಅಂಕ. ಉಷ್ಣತೆಯನ್ನು ಹಂತಹಂತವಾಗಿ ಏರಿಸುವ ಪ್ರಯೋಗಗಳಿಗೆ ವ್ಯಾನ್ ಡೆನ್ ಡೂಲ್ ಮತ್ತು ಕ್ರಾಟ್ಸ್ 1963ರಲ್ಲಿ ಇದನ್ನು ಇನ್ನಷ್ಟು ಸುಲಭ ಮಾಡಿದರು.

ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳಿ. ಹತ್ತು ಇಂಗಾಲದ ಆಲ್ಕೇನ್ 12.0 ನಿಮಿಷಕ್ಕೆ ಬಂತು, ಹನ್ನೊಂದರದ್ದು 14.0 ನಿಮಿಷಕ್ಕೆ. ನಮಗೆ ಗೊತ್ತಿಲ್ಲದ ವಸ್ತು 13.3 ನಿಮಿಷಕ್ಕೆ. ಎರಡು ನಿಮಿಷದ ದಾರಿಯಲ್ಲಿ ಅದು 1.3 ನಿಮಿಷ ದಾಟಿದೆ, ಅಂದರೆ ನೂರರಲ್ಲಿ 65 ಪಾಲು. ಅದರ ಸೂಚ್ಯಂಕ 1065. ಇನ್ನೊಂದು ಪ್ರಯೋಗಶಾಲೆಯಲ್ಲಿ ನಿಮಿಷಗಳು ಬೇರೆ ಇದ್ದರೂ, ಅದೇ ಬಗೆಯ ಲೇಪದ ಕೊಳವೆಯಲ್ಲಿ ಸೂಚ್ಯಂಕ 1065ರ ಆಸುಪಾಸಿನಲ್ಲೇ ಬರುತ್ತದೆ. ನಿಮಿಷ ಆ ಯಂತ್ರದ್ದು. ಸೂಚ್ಯಂಕವನ್ನು ಮಾತ್ರ ಊರಿಂದೂರಿಗೆ ಕೊಂಡುಹೋಗಬಹುದು.

4. ಚೂರುಗಳಿಂದ ಹೆಸರಿಗೆ

ಸಮಯ ಒಂದೇ ಸಾಕ್ಷಿ. ಬೇರೆ ಬೇರೆ ಎರಡು ವಸ್ತುಗಳು ಒಂದೇ ಹೊತ್ತಿಗೆ ಹೊರಬರಬಹುದು. ಹೀಗಾಗಿ ಕೊಳವೆಯ ತುದಿಗೆ ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸುತ್ತಾರೆ. 1950ರ ದಶಕದ ಮಧ್ಯದಲ್ಲಿ ಅಮೆರಿಕದ ಡೌ ಕೆಮಿಕಲ್ ಕಂಪನಿಯಲ್ಲಿ ಗೋಲ್ಕೆ ಮತ್ತು ಮೆಕ್‌ಲಾಫರ್ಟಿ ಈ ಜೋಡಣೆ ಮಾಡಿದ ಮೊದಲಿಗರ ಸಾಲಿನವರು. ಹೊರಬರುವ ಅಣುಗಳಿಗೆ 70 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನುಗಳು ಬಡಿಯುತ್ತವೆ. ಅಣು ವಿದ್ಯುದಾವೇಶ ಪಡೆದು ಚೂರು ಚೂರಾಗುತ್ತದೆ. ಒಂದೊಂದು ಚೂರಿನ ತೂಕ ಎಷ್ಟು, ಅಂಥವು ಎಷ್ಟಿವೆ ಎಂದು ಎಣಿಸಿದರೆ ಸಿಗುವ ಪಟ್ಟಿಯೇ ರೋಹಿತ. ಎಲ್ಲ ಕಡೆಯೂ 70 ಎಂದೇ ಇಟ್ಟುಕೊಂಡಿರುವುದರಿಂದ ಒಂದು ದೇಶದಲ್ಲಿ ತೆಗೆದ ರೋಹಿತವನ್ನು ಇನ್ನೊಂದು ದೇಶದ್ದರ ಜತೆ ಹೋಲಿಸಬಹುದು.

ಹೋಲಿಕೆಯ ಲೆಕ್ಕ ಹೀಗೆ. ರೋಹಿತವನ್ನು ಅಂಕಿಗಳ ಒಂದು ಸಾಲು ಎಂದು ತಿಳಿಯಿರಿ. ಮೂರೇ ಚೂರುಗಳಿವೆ ಎನ್ನುವ. ನಮ್ಮ ಮಾದರಿಯಲ್ಲಿ ಅವುಗಳ ಬಲ 100, 60, 20. ಲೈಬ್ರರಿಯಲ್ಲಿರುವ ಮೊದಲ ವಸ್ತುವಿನದ್ದು 100, 50, 30. ಎರಡನೆಯದ್ದು 20, 100, 60. ಒಂದಕ್ಕೊಂದು ಗುಣಿಸಿ ಕೂಡಿಸಿ, ಎರಡೂ ಸಾಲುಗಳ ಉದ್ದದಿಂದ ಭಾಗಿಸಬೇಕು. ಉದ್ದ ಎಂದರೆ ವರ್ಗಗಳ ಮೊತ್ತದ ವರ್ಗಮೂಲ. ಮೊದಲನೆಯದ್ದಕ್ಕೆ 13,600ನ್ನು ಸುಮಾರು 13,697ರಿಂದ ಭಾಗಿಸಿದರೆ 0.993. ಎರಡನೆಯದ್ದಕ್ಕೆ 9,200ನ್ನು 14,000ದಿಂದ ಭಾಗಿಸಿದರೆ 0.657. ಪೂರ್ತಿ ಒಂದೇ ಆಗಿದ್ದರೆ 1 ಬರುತ್ತಿತ್ತು. ಹೀಗಾಗಿ ಮೊದಲನೆಯದ್ದು ಹತ್ತಿರದ ಹೋಲಿಕೆ. ಶಾಲೆಯಲ್ಲಿ ಕಲಿತ ಕೊಸೈನ್ ಅಲ್ವಾ, ಅದೇ ಇದು.

ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ನಿಸ್ಟ್‌ನ ಸ್ಟೈನ್ ಮತ್ತು ಸ್ಕಾಟ್ 1994ರಲ್ಲಿ ಹಲವು ಹೋಲಿಕೆ ವಿಧಾನಗಳನ್ನು ಒಟ್ಟಿಗೆ ಪರೀಕ್ಷಿಸಿದರು. ಭಾರದ ಚೂರುಗಳಿಗೆ ಹೆಚ್ಚು ಬೆಲೆ ಕೊಟ್ಟು ಈ ಕೊಸೈನ್ ಲೆಕ್ಕ ಮಾಡಿದರೆ ಫಲಿತಾಂಶ ಚೆನ್ನಾಗಿರುತ್ತದೆ ಎಂದು ಅವರು ತೋರಿಸಿದರು. ಕಾರಣ ಊಹಿಸಬಹುದು. ಹಗುರ ಚೂರುಗಳು ಎಲ್ಲ ವಸ್ತುಗಳಲ್ಲೂ ಸಿಗುತ್ತವೆ, ಭಾರದ ಚೂರುಗಳು ಆಯಾ ವಸ್ತುವಿಗೆ ವಿಶೇಷ. ಹಸ್ತಪ್ರತಿ ಗುರುತಿಸುವಾಗ ‘ಶ್ರೀ’, ‘ಮತ್ತು’, ‘ಎಂದು’ ಎಂಬ ಪದಗಳಿಂದ ಕವಿ ಯಾರೆಂದು ಗೊತ್ತಾಗುವುದಿಲ್ಲ, ಅಪರೂಪದ ಪದ ಒಂದಿದ್ದರೆ ಗೊತ್ತಾಗುತ್ತದೆ. ಹಾಗೆ ಇದು.

ನಿಸ್ಟ್‌ನ ಲೈಬ್ರರಿಯಲ್ಲಿ ಈಗ ಮೂರು ಲಕ್ಷಕ್ಕೂ ಮಿಕ್ಕಿ ವಸ್ತುಗಳ ರೋಹಿತಗಳಿವೆ. ಆದರೂ ಒಂದು ಎಚ್ಚರ ಬೇಕು. ಲೈಬ್ರರಿಯಲ್ಲಿ ಇಲ್ಲದ ವಸ್ತು ಬಂದರೆ ಕಂಪ್ಯೂಟರ್ ಸುಮ್ಮನಿರುವುದಿಲ್ಲ, ಇದ್ದದ್ದರಲ್ಲಿ ಹತ್ತಿರದ ಹೆಸರು ಹೇಳುತ್ತದೆ. ನಮ್ಮ ಮನೆಮಾತಿನ ಎಷ್ಟೋ ಪದಗಳು ಕಿಟ್ಟೆಲ್ ನಿಘಂಟಿನಲ್ಲಿ ಇಲ್ಲ. ಹಾಗೆಂದು ಅದಕ್ಕೆ ಹತ್ತಿರದ ಇನ್ನೊಂದು ಪದವನ್ನು ನಮ್ಮ ಪದ ಎಂದು ಒಪ್ಪುತ್ತೇವಾ? ಅಂಕ ಹೆಚ್ಚಿದೆ ಎನ್ನುವುದು ‘ಇದೇ’ ಎನ್ನುವುದಕ್ಕೆ ಪುರಾವೆ ಆಗುವುದಿಲ್ಲ. ‘ಇಲ್ಲಿರುವುದರಲ್ಲಿ ಇದು ಹತ್ತಿರ’ ಎಂದಷ್ಟೇ ಅದರ ಅರ್ಥ.

5. ಆರು ಕವಡೆಗಳ ಲೆಕ್ಕ

ಈಗ ಎಂಡೋಸಲ್ಫಾನಿಗೇ ಬರುವ. ಅದರ ಅಣುವಿನಲ್ಲಿ ಆರು ಕ್ಲೋರಿನ್ ಪರಮಾಣುಗಳಿವೆ. ಮಣ್ಣಿನಲ್ಲಿ, ದೇಹದಲ್ಲಿ ಅದು ಬದಲಾಗಿ ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ಅದರಲ್ಲೂ ಆರು ಕ್ಲೋರಿನ್. ಈ ಸಲ್ಫೇಟಿನ ರೋಹಿತದಲ್ಲಿ 272 ಎಂಬಲ್ಲಿ ಎದ್ದು ಕಾಣುವ ಚೂರು ಉಂಟು. ಐದು ಇಂಗಾಲ, ಆರು ಕ್ಲೋರಿನ್ ಸೇರಿ ಆದ ಚೂರು ಅದು. ಇಂಗಾಲ 12ರಂತೆ 60, ಕ್ಲೋರಿನ್ 35ರಂತೆ 210, ಒಟ್ಟು 270 ಆಗಬೇಕಿತ್ತಲ್ಲ, 272 ಎಲ್ಲಿಂದ ಬಂತು?

ಪ್ರಕೃತಿಯಲ್ಲಿ ಕ್ಲೋರಿನ್ ಎರಡು ಬಗೆ. ನೂರರಲ್ಲಿ ಸುಮಾರು 76ರ ತೂಕ 35, ಉಳಿದ 24ರದ್ದು 37. ಆರು ಕವಡೆ ಎಸೆದ ಹಾಗೆ ಎಂದು ತಿಳಿಯಿರಿ, ಒಂದೊಂದು ಕವಡೆಯೂ ಅಂಗಾತ ಬೀಳುವ ಸಾಧ್ಯತೆ ನೂರಕ್ಕೆ 24. ಒಂದೂ ಅಂಗಾತ ಬೀಳದಿದ್ದರೆ 270, ಒಂದು ಬಿದ್ದರೆ 272, ಎರಡು ಬಿದ್ದರೆ 274, ಮೂರು ಬಿದ್ದರೆ 276. ಹಲವು ಲಕ್ಷ ಸಲ ಎಸೆದರೆ ಈ ನಾಲ್ಕರ ಪ್ರಮಾಣ ಸುಮಾರು 52 : 100 : 80 : 34 ಎಂದು ಬರುತ್ತದೆ. ಹೀಗಾಗಿಯೇ 272 ಎಲ್ಲಕ್ಕಿಂತ ಎತ್ತರ. ಕ್ಲೋರಿನ್ ಐದೇ ಇದ್ದರೆ ಈ ಪ್ರಮಾಣವೇ ಬೇರೆ. ಕಂಪ್ಯೂಟರ್ ಈ ಲೆಕ್ಕ ಮೊದಲೇ ಮಾಡಿಟ್ಟುಕೊಂಡು, ಮಾದರಿಯಲ್ಲಿ ಸಿಕ್ಕಿದ ಪ್ರಮಾಣ ಅದಕ್ಕೆ ಹೊಂದುತ್ತದಾ ಎಂದು ನೋಡುತ್ತದೆ. ಆರು ಕ್ಲೋರಿನ್ ಇಲ್ಲದ ವಸ್ತು ಈ ನಾಲ್ಕು ಶಿಖರಗಳನ್ನು ಇದೇ ಪ್ರಮಾಣದಲ್ಲಿ ತೋರಿಸುವುದು ಬಹಳ ಕಷ್ಟ.

ಆದರೆ ರೋಹಿತ ಒಂದೇ ಸಾಲುವುದಿಲ್ಲ. ಮಾರಾಟವಾಗುತ್ತಿದ್ದ ಎಂಡೋಸಲ್ಫಾನಿನಲ್ಲಿ ಆಲ್ಫಾ, ಬೀಟಾ ಎಂಬ ಎರಡು ರೂಪಗಳು ಸುಮಾರು 7ಕ್ಕೆ 3ರ ಪ್ರಮಾಣದಲ್ಲಿ ಇರುತ್ತಿದ್ದವು. ಎರಡಕ್ಕೂ ಒಂದೇ ಪರಮಾಣುಗಳು, ಜೋಡಣೆ ಮಾತ್ರ ಬೇರೆ. ಚೂರು ಮಾಡಿದರೆ ಎರಡರ ರೋಹಿತವೂ ಹೆಚ್ಚುಕಡಿಮೆ ಒಂದೇ. ಲೈಬ್ರರಿ ಇಲ್ಲಿ ಕೈಚೆಲ್ಲುತ್ತದೆ. ಬೇರೆ ಮಾಡಿ ತೋರಿಸುವುದು ಸಮಯ: ಸಾಮಾನ್ಯ ಕೊಳವೆಯಲ್ಲಿ ಮೊದಲು ಆಲ್ಫಾ, ಆಮೇಲೆ ಬೀಟಾ, ಕೊನೆಗೆ ಸಲ್ಫೇಟ್.

ಈ ಮೂರರ ಪ್ರಮಾಣದಲ್ಲಿ ಒಂದು ಕಥೆಯೂ ಉಂಟು. ಆಲ್ಫಾ ಬೇಗ ಆವಿಯಾಗಿ ಹೋಗುತ್ತದೆ. ಸಲ್ಫೇಟ್ ಹೆಚ್ಚು ಕಾಲ ಉಳಿಯುತ್ತದೆ. ಮಣ್ಣಿನಲ್ಲಿ ಎಂಡೋಸಲ್ಫಾನ್ ಮತ್ತು ಸಲ್ಫೇಟ್ ಎರಡೂ ಸೇರಿ ಅರ್ಧಕ್ಕೆ ಇಳಿಯಲು ಸುಮಾರು 9 ತಿಂಗಳಿನಿಂದ 6 ವರ್ಷದವರೆಗೆ ಹಿಡಿಯಬಹುದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಂದಾಜು ಮಾಡಿದೆ. ಮಾದರಿಯಲ್ಲಿ ಆಲ್ಫಾ ಜೋರಾಗಿದ್ದರೆ ಹೊಸ ಸಿಂಪಡಣೆಯ ಗುರುತು. ಸಲ್ಫೇಟೇ ಹೆಚ್ಚಿದ್ದರೆ ಹಳೆಯದು. ಯಾರಾದರೂ ಆಲ್ಫಾ, ಬೀಟಾ ಮಾತ್ರ ಹುಡುಕಿ ಸಲ್ಫೇಟನ್ನು ಬಿಟ್ಟರೆ, ಹಳೆಯ ವಿಷ ಲೆಕ್ಕಕ್ಕೇ ಬರುವುದಿಲ್ಲ. ವರದಿ ಓದುವಾಗ ‘ಏನೇನು ಹುಡುಕಿದರು’ ಎಂಬ ಪುಟವನ್ನು ಮೊದಲು ನೋಡಬೇಕು ಎನ್ನುವುದು ಇದಕ್ಕೇ.

6. ಒಂದರ ಮೇಲೊಂದು ಬಿದ್ದ ಶಿಖರಗಳು

ರಕ್ತವಾಗಲಿ ಹಾಲಾಗಲಿ ಶುದ್ಧ ವಸ್ತು ಅಲ್ಲ. ಕೊಬ್ಬು, ಕೊಲೆಸ್ಟ್ರಾಲ್, ಪ್ಲಾಸ್ಟಿಕ್ ಕೊಳವೆಯಿಂದ ಸೇರಿದ ಥಾಲೇಟ್, ಎಲ್ಲವೂ ಆ ಗೆರೆಯಲ್ಲಿ ಸೇರಿರುತ್ತವೆ. ಎರಡು ವಸ್ತುಗಳು ಒಂದೇ ಶಿಖರದಡಿ ಬಂದಾಗ ಅವನ್ನು ಬಿಡಿಸಲು ನಿಸ್ಟ್‌ನ ‘ಎಮ್ಡಿಸ್’ ಎಂಬ ತಂತ್ರಾಂಶ ಹೆಚ್ಚು ಬಳಕೆಯಲ್ಲಿದೆ. ರಾಸಾಯನಿಕ ಅಸ್ತ್ರಗಳ ನಿಷೇಧ ಒಪ್ಪಂದದ ತಪಾಸಣೆಗೆಂದು ಮೊದಲು ಅದನ್ನು ರೂಪಿಸಿದರು. 1999ರಲ್ಲಿ ಸ್ಟೈನ್ ಅದರ ವಿಧಾನವನ್ನು ಪ್ರಕಟಿಸಿದರು.

ಅದರ ತರ್ಕ ಚಂದ ಉಂಟು. ಒಂದೇ ವಸ್ತುವಿನಿಂದ ಬಂದ ಚೂರುಗಳು ಒಟ್ಟಿಗೇ ಏರುತ್ತವೆ, ಒಟ್ಟಿಗೇ ತುದಿ ಮುಟ್ಟುತ್ತವೆ, ಒಟ್ಟಿಗೇ ಇಳಿಯುತ್ತವೆ. 272, 274, 276ರ ಗೆರೆಗಳು ಒಂದೇ ಕ್ಷಣಕ್ಕೆ ತುದಿ ಮುಟ್ಟಿ, 149ರ ಗೆರೆ ಎರಡು ಸೆಕೆಂಡು ತಡವಾಗಿ ಮುಟ್ಟಿದರೆ, 149 ಬೇರೆ ಮನೆಯದ್ದು. ಈ ಉದಾಹರಣೆಯಲ್ಲಿ ಅದು ಥಾಲೇಟಿನದ್ದು. ಹಾಗೆ ಗುಂಪು ಮಾಡಿ ಕಂಪ್ಯೂಟರ್ ಒಂದೊಂದು ವಸ್ತುವಿಗೂ ಚೊಕ್ಕ ರೋಹಿತ ಕಟ್ಟಿ, ಆಮೇಲೆ ಲೈಬ್ರರಿಯಲ್ಲಿ ಹುಡುಕುತ್ತದೆ. ಒಂದೇ ಓಲೆಯಲ್ಲಿ ಇಬ್ಬರು ಲಿಪಿಕಾರರ ಕೈ ಇದ್ದಾಗ ಅಕ್ಷರದ ತಿರುವು ನೋಡಿ ಬಿಡಿಸುತ್ತೇವಲ್ಲ, ಅಂಥದ್ದೇ ಕೆಲಸ.

7. 2001ರ ಜಗಳ ಯಾವುದರ ಬಗ್ಗೆ

ಇಷ್ಟು ಗೊತ್ತಾದ ಮೇಲೆ ನಮ್ಮ ಊರಿನ ವರದಿಗಳಿಗೆ ಬರಬಹುದು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆ ಗ್ರಾಮದಿಂದ ರಕ್ತ, ನೀರು, ಮಣ್ಣು, ಹಾಲು ಮೊದಲಾದ ಮಾದರಿಗಳನ್ನು ಗ್ಯಾಸ್ ಕ್ರೊಮ್ಯಾಟೊಗ್ರಫಿಯಲ್ಲಿ ಪರೀಕ್ಷಿಸಿ, ಎಂಡೋಸಲ್ಫಾನ್ ಹೆಚ್ಚಿನ ಮಟ್ಟದಲ್ಲಿ ಉಂಟು ಎಂದಿತು. ಪ್ಲಾಂಟೇಶನ್ ಕಾರ್ಪೊರೇಶನ್ ತಮಿಳುನಾಡಿನ ಫಿಪ್ಪಾಟ್ ಸಂಸ್ಥೆಯಿಂದ ಮಾಡಿಸಿದ ಪರೀಕ್ಷೆ ಅದಕ್ಕೆ ವಿರುದ್ಧವಾದ ತೀರ್ಮಾನಕ್ಕೆ ಬಂತು. ಒಂದು ಕಡೆಯವರು ಇನ್ನೊಂದು ಕಡೆಯ ವಿಧಾನವನ್ನೇ ಪ್ರಶ್ನಿಸಿದರು.

ಆ ಕಾಲದಲ್ಲಿ ಕೀಟನಾಶಕ ಪರೀಕ್ಷೆಗೆ ಹೆಚ್ಚು ಬಳಸುತ್ತಿದ್ದದ್ದು ‘ಎಲೆಕ್ಟ್ರಾನ್ ಕ್ಯಾಪ್ಚರ್’ ಎಂಬ ಸಂವೇದಕ. ಜೇಮ್ಸ್ ಲವ್‌ಲಾಕ್ 1957ರಲ್ಲಿ ಮಾಡಿದ್ದು. ಕ್ಲೋರಿನ್ ಇರುವ ವಸ್ತುಗಳನ್ನು ಅತಿ ಸಣ್ಣ ಪ್ರಮಾಣದಲ್ಲೂ ಅದು ಹಿಡಿಯುತ್ತದೆ. ಆದರೆ ಅದು ಚೂರು ಮಾಡುವುದಿಲ್ಲ, ತೂಕ ಹೇಳುವುದಿಲ್ಲ. ‘ಇಷ್ಟು ನಿಮಿಷಕ್ಕೆ ಏನೋ ಬಂತು’ ಎಂದಷ್ಟೇ ಹೇಳುತ್ತದೆ. ಗಂಧಕಕ್ಕೂ ಥಾಲೇಟಿಗೂ ಅದು ಸಂಕೇತ ಕೊಡುತ್ತದೆ. ಆದ್ದರಿಂದ ಬೇರೆ ಲೇಪದ ಇನ್ನೊಂದು ಕೊಳವೆಯಲ್ಲಿ ಪುನಃ ನೋಡಬೇಕು, ಇಲ್ಲವೇ ಮಾಸ್ ಸ್ಪೆಕ್ಟ್ರೋಮೀಟರಿನಿಂದ ಖಚಿತಪಡಿಸಬೇಕು. ಅಧಿಕ ಅಂಕಿ ಬಂದಾಗ ‘ಅದು ಬೇರೆ ವಸ್ತು ಇರಬಹುದು’ ಎಂದು ಕೇಳುವುದು ನ್ಯಾಯವೇ. ‘ಎನ್‌ಡಿ’ ಬಂದಾಗ ‘ನಿಮ್ಮ ಪತ್ತೆ ಮಿತಿ ಎಷ್ಟು, ಸಲ್ಫೇಟ್ ನೋಡಿದ್ದೀರಾ’ ಎಂದು ಕೇಳುವುದೂ ಅಷ್ಟೇ ನ್ಯಾಯ. ಎರಡೂ ಪ್ರಶ್ನೆಗಳಿಗೆ ಉತ್ತರ ಇರುವುದು ಮೂಲ ಕ್ರೊಮ್ಯಾಟೊಗ್ರಾಂಗಳಲ್ಲಿ. ತೀರ್ಮಾನದ ವಾಕ್ಯದಲ್ಲಿ ಅದು ಸಿಗುವುದಿಲ್ಲ.

ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆ ಒಂದು ಒಳ್ಳೆಯ ಕ್ರಮ ಅನುಸರಿಸಿತು. ಸಿಂಪಡಣೆ ಇದ್ದ ಕಡೆಯ ಮಕ್ಕಳ ಜತೆಗೆ, ಸಿಂಪಡಣೆ ಇಲ್ಲದ ಮೀಂಜದ ಮಕ್ಕಳನ್ನೂ ಅದು ಪರೀಕ್ಷಿಸಿತು. 2003ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ಸಿಂಪಡಣೆಯ ಪ್ರದೇಶದ 117 ಮತ್ತು ಹೋಲಿಕೆಯ ಪ್ರದೇಶದ 90 ಗಂಡುಮಕ್ಕಳ ವಿವರ ಉಂಟು. ಮೊದಲ ಗುಂಪಿನವರ ರಕ್ತಸಾರದಲ್ಲಿ ಎಂಡೋಸಲ್ಫಾನ್ ಗಣನೀಯವಾಗಿ ಹೆಚ್ಚಿತ್ತು. ಎರಡೂ ಕಡೆಯ ಮಾದರಿಗಳನ್ನು ಒಂದೇ ವಿಧಾನದಿಂದ ಅಳೆದರೆ, ಯಂತ್ರದ ಗದ್ದಲ ಎರಡಕ್ಕೂ ಸಮಾನ. ಉಳಿಯುವ ವ್ಯತ್ಯಾಸಕ್ಕೆ ಯಂತ್ರವನ್ನು ದೂರುವುದು ಕಷ್ಟವಾಗುತ್ತದೆ.

2011ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು. ಅದೇ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿ, ಮಾರಾಟ, ಬಳಕೆಯನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ಸಂತ್ರಸ್ತರ ಪಟ್ಟಿ ಆದದ್ದು ವೈದ್ಯಕೀಯ ಶಿಬಿರಗಳಿಂದ, ಕ್ರೊಮ್ಯಾಟೊಗ್ರಾಂನಿಂದ ಅಲ್ಲ. ಆದರೂ ‘ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲವಂತೆ’ ಎನ್ನುವ ಮಾತಿಗೆ ಊರಿನಲ್ಲಿ, ಚರ್ಚೆಯಲ್ಲಿ ದೊಡ್ಡ ತೂಕ ಉಂಟು.

8. ಹಾಗಾದರೆ ಅನುವಾದ ಹೇಗೆ

ನನ್ನ ಸೂಚನೆ ಸರಳ. ‘ಎನ್‌ಡಿ’ ಎನ್ನುವುದಕ್ಕೆ ಕನ್ನಡದಲ್ಲಿ ‘ಇಲ್ಲ’ ಎಂದು ಬರೆಯಬಾರದು. ‘ಪತ್ತೆ ಮಿತಿಯೊಳಗೆ ಕಂಡಿಲ್ಲ’ ಎಂದು ಬರೆದು, ಪಕ್ಕದಲ್ಲೇ ಆ ಮಿತಿಯ ಅಂಕಿ ಕೊಡಬೇಕು. ‘ಗುರುತಿಸಲಾಗಿದೆ’ ಎಂಬ ಮಾತಿನ ಜತೆಗೂ ಸಾಕ್ಷಿ ಯಾವುದು ಎಂದು ಹೇಳಬೇಕು: ಸಮಯ ಮಾತ್ರವೋ, ಸಮಯದ ಜತೆ ರೋಹಿತವೋ, ಚೂರುಗಳ ಪ್ರಮಾಣವೂ ಹೊಂದಿದೆಯೋ. ಯುರೋಪಿಯನ್ ಒಕ್ಕೂಟದ ಕೀಟನಾಶಕ ಪರೀಕ್ಷೆಯ ಮಾರ್ಗಸೂಚಿ ಇದನ್ನೇ ಅಂಕಿಯಲ್ಲಿ ಹೇಳುತ್ತದೆ. ಸಮಯ 0.1 ನಿಮಿಷದೊಳಗೆ ಹೊಂದಬೇಕು, ಚೂರುಗಳ ಪ್ರಮಾಣ ನೂರಕ್ಕೆ 30ರ ವ್ಯತ್ಯಾಸದೊಳಗೆ ಇರಬೇಕು.

ಇದು ನಮಗೆ ಹೊಸತಲ್ಲ. ಮಂಜೇಶ್ವರದ ಗೋವಿಂದ ಪೈಗಳ ಹಾಗೆ ಕಾಲನಿರ್ಣಯಕ್ಕೆ ಕೂತವರಿಗೆ ಶಾಸನದ ಸಂವತ್ಸರ ಒಂದೇ ಸಾಲುವುದಿಲ್ಲ, ಅರವತ್ತು ವರ್ಷಕ್ಕೊಮ್ಮೆ ಅದು ಪುನಃ ಬರುತ್ತದೆ. ತಿಥಿ ಬೇಕು, ವಾರ ಬೇಕು, ಮೂರೂ ತಾಳೆಯಾಗಬೇಕು. ಒಂದೊಂದು ಸಾಕ್ಷಿಯೂ ಬೇರೆ ಬೇರೆ ದಾರಿಯಿಂದ ಬಂದು ಒಂದೇ ಕಡೆ ಸೇರಿದಾಗ ನಂಬಿಕೆ ಗಟ್ಟಿಯಾಗುತ್ತದೆ.

ಪ್ರಶ್ನೋತ್ತರದಿಂದ

ಪ್ರಶ್ನೆ (ಒಬ್ಬ ಅಧ್ಯಾಪಕರು): ಈಗ ಕೃತಕ ಬುದ್ಧಿಮತ್ತೆ ಬಂದಿದೆ. ಲೈಬ್ರರಿಯಲ್ಲಿ ಇಲ್ಲದ ವಸ್ತುವಿನ ತೊಂದರೆ ಅದರಿಂದ ತೀರುತ್ತದಾ?

ಉತ್ತರ: ಸ್ವಲ್ಪ ಮಟ್ಟಿಗೆ ಹೌದು, ಸರ್. ಈ ಕನಸು ಹಳೆಯದು. 1965ರಲ್ಲೇ ಸ್ಟ್ಯಾನ್‌ಫರ್ಡಿನಲ್ಲಿ ‘ಡೆಂಡ್ರಾಲ್’ ಎಂಬ ಯೋಜನೆ ರೋಹಿತದಿಂದ ಅಣುವಿನ ರಚನೆ ಊಹಿಸಲು ಶುರುವಾಗಿತ್ತು. 2019ರಲ್ಲಿ ಗೂಗಲ್‌ನ ಸಂಶೋಧಕರು ಅಣುವಿನ ರಚನೆ ಕೊಟ್ಟರೆ ರೋಹಿತ ಹೇಗಿರಬಹುದು ಎಂದು ಊಹಿಸುವ ನರಜಾಲ ಪ್ರಕಟಿಸಿದರು. ಹಾಗೆ ಊಹಿಸಿದ ರೋಹಿತಗಳನ್ನು ಲೈಬ್ರರಿಗೆ ಸೇರಿಸಬಹುದು. ಆದರೆ ಸೇರಿಸಿದಷ್ಟೂ ಒಂದರಂತೆ ಇನ್ನೊಂದು ಕಾಣುವ ಹೆಸರುಗಳು ಹೆಚ್ಚುತ್ತವೆ. ಆಗ ಸೂಚ್ಯಂಕದ ಸಾಕ್ಷಿ ಇನ್ನೂ ಮುಖ್ಯ. ಕೊನೆಗೆ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಶುದ್ಧ ವಸ್ತುವನ್ನು ಅದೇ ಯಂತ್ರದಲ್ಲಿ ಹಾಕಿ ಹೋಲಿಸಿ ನೋಡಲೇಬೇಕು.

ಪ್ರಶ್ನೆ (ಒಬ್ಬ ಸಹಪಾಠಿ): ಇವತ್ತು ಪಡ್ರೆಯ ಒಂದು ಮನೆಯ ಬಾವಿಯಲ್ಲಿ ‘ಎನ್‌ಡಿ’ ಬಂದರೆ ಮನೆಯವರಿಗೆ ಎಂತ ಹೇಳುವುದು?

ಉತ್ತರ: ಇದ್ದದ್ದನ್ನು ಇದ್ದ ಹಾಗೆ. ‘ಅಮ್ಮಾ, ಈ ಬಾವಿಯಲ್ಲಿ ಇವತ್ತು ಈ ಮಿತಿಗಿಂತ ಹೆಚ್ಚು ಇಲ್ಲ. ಸಲ್ಫೇಟನ್ನೂ ನೋಡಿದ್ದಾರೆ’ ಎಂದು ಹೇಳಬಹುದು, ನಿಜವಾಗಿಯೂ ನೋಡಿದ್ದರೆ. ಇವತ್ತು ಕಂಡಿಲ್ಲ ಎನ್ನುವುದು ಇಪ್ಪತ್ತೈದು ವರ್ಷದ ಹಿಂದೆ ಇರಲಿಲ್ಲ ಎನ್ನುವುದಕ್ಕೆ ಸಾಕ್ಷಿ ಆಗುವುದಿಲ್ಲ ಎನ್ನುವುದನ್ನೂ ಒಟ್ಟಿಗೇ ಹೇಳಬೇಕು. ಅವರು ಕುಡಿಯುವ ನೀರಿನ ವಿಷಯಕ್ಕೆ ಮೊದಲ ಮಾತು ಸಮಾಧಾನ. ಅವರ ಮಗುವಿನ ವಿಷಯಕ್ಕೆ ಎರಡನೆಯ ಮಾತು ನ್ಯಾಯ. ಎರಡನ್ನೂ ಅವರಿಗೆ ತಿಳಿಯುವ ಕನ್ನಡದಲ್ಲಿ, ತುಳುವಿನಲ್ಲಿ ಹೇಳುವ ಕೆಲಸ ನಮ್ಮಂಥವರದ್ದು.